ಒಂದೇ ಅಂಕ, ಐದು ಹೆಸರು: ಡಿಎನ್‌ಎ ದತ್ತಸಂಚಯ ಕೊಡುವ ಉತ್ತರವನ್ನು ಹೇಗೆ ಓದಬೇಕು?

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತೇನೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಅಡಿಕೆ ತೋಟದ ಮಣ್ಣಿನಿಂದ ಹಸಿರು ಬಣ್ಣದ ಶಿಲೀಂಧ್ರವೊಂದನ್ನು ಬೇರ್ಪಡಿಸಿ, ಶಿಲೀಂಧ್ರಗಳನ್ನು ಗುರುತಿಸಲು ಬಳಸುವ, ಅದರ ಡಿಎನ್‌ಎಯ ಐಟಿಎಸ್ ಎಂಬ ಭಾಗವನ್ನು ಹೊರಗಿನ ಪ್ರಯೋಗಾಲಯವೊಂದರಲ್ಲಿ ಓದಿಸಿದಳು. ಬಂದ ಸುಮಾರು 600 ಅಕ್ಷರಗಳನ್ನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ದತ್ತಸಂಚಯದಲ್ಲಿ ಬ್ಲಾಸ್ಟ್ ಎಂಬ ಹುಡುಕಾಟದ ತಂತ್ರಾಂಶದ ಮೂಲಕ ಹುಡುಕಿದಾಗ, ಟ್ರೈಕೋಡರ್ಮಾ ಹಾರ್ಜಿಯಾನಮ್ ಎಂಬ ಹೆಸರಿನ ಹತ್ತಾರು ದಾಖಲೆಗಳು ಶೇ 100ರ ಹೊಂದಿಕೆಯೊಂದಿಗೆ ಬಂದವು. ಆದರೆ ಅಷ್ಟೇ ಅಂಕ ಪಡೆದ ಇನ್ನೂ ನಾಲ್ಕು ಪ್ರಭೇದಗಳ ಹೆಸರುಗಳೂ ಅದೇ ಪಟ್ಟಿಯಲ್ಲಿದ್ದವು. ಯಾವುದನ್ನು ನಂಬಬೇಕು? ಅಲ್ಲಿರುವುದನ್ನು ಯಾರು ಪರಿಶೀಲಿಸುತ್ತಾರೆ? ನಮ್ಮ ಅನುಕ್ರಮವನ್ನೂ, ಅಂದರೆ ಓದಿಸಿದ ಆ ಅಕ್ಷರಗಳ ಸಾಲನ್ನೂ, ಅಲ್ಲಿ ಸೇರಿಸಬೇಕೆಂದು ಸಂಶೋಧನಾ ಪತ್ರಿಕೆಯವರು ಕೇಳುತ್ತಿದ್ದಾರೆ. ಅದರಿಂದ ಸಂಶೋಧನೆಗೆ ನಿಜವಾಗಿ ಏನು ಪ್ರಯೋಜನ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಪ್ರಬಂಧ ಸಲ್ಲಿಸುವ ಅವಸರದಲ್ಲಿರಬಹುದು, ಆದ್ದರಿಂದ ಮೊದಲು ಆಕೆಗೆ ಬೇಕಾದ ಉತ್ತರವನ್ನೇ ಹೇಳಿಬಿಡುತ್ತೇನೆ. ಈಗ ಕೈಯಲ್ಲಿರುವ ಪುರಾವೆಯ ಮೇಲೆ ಆ ಐದು ಹೆಸರುಗಳಲ್ಲಿ ಯಾವುದನ್ನೂ ಬರೆಯಬಾರದು. ‘ಟ್ರೈಕೋಡರ್ಮಾ ಹಾರ್ಜಿಯಾನಮ್ ಗುಂಪಿಗೆ ಸೇರಿದ ಒಂದು ಪ್ರಭೇದ’ ಎಂದು ಬರೆದರೆ ಅದು ಪುರಾವೆ ಹೇಳುವ ಮಾತು. ‘ಟ್ರೈಕೋಡರ್ಮಾ ಹಾರ್ಜಿಯಾನಮ್’ ಎಂದು ಬರೆದರೆ ಅದು ಊಹೆ. ಇವೆರಡರ ನಡುವಿನ ಅಂತರ ಏಕೆ ಮುಖ್ಯವೆಂದು ತಿಳಿಯಬೇಕಾದರೆ, ದತ್ತಸಂಚಯ ಹೇಗೆ ಬೆಳೆಯಿತು, ಅದರೊಳಗಿನ ಒಂದು ದಾಖಲೆಗೆ ಅರ್ಥ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗುತ್ತದೆ.

ಡಿಎನ್‌ಎ ಅನುಕ್ರಮವು ತಾನೊಂದೇ ಇದ್ದಾಗ ಹೆಚ್ಚೇನನ್ನೂ ಹೇಳುವುದಿಲ್ಲ. ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳು ಆರುನೂರು ಸಲ ಸಾಲಾಗಿ ಬಂದರೆ, ಅದು ಯಾವ ಜೀವಿಯದು, ಏನು ಕೆಲಸ ಮಾಡುತ್ತದೆ, ಎಷ್ಟು ಹಳೆಯದು ಎಂಬ ಯಾವ ಪ್ರಶ್ನೆಗೂ ಆ ಸಾಲಿನಲ್ಲಿ ನೇರ ಉತ್ತರವಿರುವುದಿಲ್ಲ. ನಮ್ಮ ಶಾಸನತಜ್ಞರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹೊಲದಲ್ಲಿ ಸಿಕ್ಕ, ಕಾಲ ಸೂಚಿಸದ ಒಂದು ತುಂಡು ಶಾಸನವನ್ನು ಕಾಲ ಗೊತ್ತಿರುವ ನೂರಾರು ಶಾಸನಗಳ ಪಕ್ಕದಲ್ಲಿಟ್ಟು, ತಲೆಕಟ್ಟಿನ ಆಕಾರ, ಅಕ್ಷರದ ಬಾಗು, ಒತ್ತಿನ ರೀತಿಗಳನ್ನು ಹೋಲಿಸಿದಾಗ ಮಾತ್ರ ಅದು ಯಾವ ಶತಮಾನದ್ದೆಂದು ಹೇಳಲು ಬರುತ್ತದೆ; ಹೋಲಿಕೆಗೆ ಇಟ್ಟುಕೊಂಡ ಶಾಸನಗಳ ಕಾಲವೇ ತಪ್ಪಾಗಿ ನಮೂದಾಗಿದ್ದರೆ ಹೊಸದರ ಕಾಲವೂ ತಪ್ಪುತ್ತದೆ. ಡಿಎನ್‌ಎ ದತ್ತಸಂಚಯ ಮಾಡುವ ಕೆಲಸವೂ ಇದೇ. ಅದನ್ನು ಉಗ್ರಾಣವೆಂದು ಕರೆಯುವ ರೂಢಿಯಿದೆಯಾದರೂ, ನನ್ನ ದೃಷ್ಟಿಯಲ್ಲಿ ಅದು ಸೂಕ್ಷ್ಮದರ್ಶಕದಂತಹ ಒಂದು ಉಪಕರಣ, ಮತ್ತು ಆ ಉಪಕರಣದ ಮಸೂರವನ್ನು ತಿಕ್ಕಿ ಸಿದ್ಧಪಡಿಸುವವರು ಅದಕ್ಕೆ ದಾಖಲೆ ಸಲ್ಲಿಸುವ ನಾವೇ.

ಇದರ ಆರಂಭ ಬಹಳ ಸಣ್ಣದು. ಅಮೆರಿಕದಲ್ಲಿ ಮಾರ್ಗರೆಟ್ ಡೇಹಾಫ್ 1965ರಲ್ಲಿ ಆಗ ತಿಳಿದಿದ್ದ 65 ಪ್ರೋಟೀನುಗಳ ಅನುಕ್ರಮಗಳನ್ನು ಒಟ್ಟುಗೂಡಿಸಿ ಮುದ್ರಿಸಿದರು. 1977ರಲ್ಲಿ ಫ್ರೆಡೆರಿಕ್ ಸ್ಯಾಂಗರ್ ಅವರ ವಿಧಾನ ಬಂದ ಮೇಲೆ ಡಿಎನ್‌ಎಯನ್ನೇ ನೇರವಾಗಿ ಓದುವುದು ಸುಲಭವಾಯಿತು, ಅನುಕ್ರಮಗಳು ಸಂಶೋಧನಾ ಪತ್ರಿಕೆಗಳ ಪುಟಗಳನ್ನು ತುಂಬತೊಡಗಿದವು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಯುರೋಪಿನ ದತ್ತಸಂಚಯವೂ, ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ವಾಲ್ಟರ್ ಗೋಡ್ ಅವರ ನೇತೃತ್ವದಲ್ಲಿ ಜೆನ್‌ಬ್ಯಾಂಕ್ ಕೂಡ 1982ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ಆ ವರ್ಷದ ಡಿಸೆಂಬರಿನಲ್ಲಿ ಜೆನ್‌ಬ್ಯಾಂಕ್‌ನಲ್ಲಿ ಇದ್ದದ್ದು 606 ಅನುಕ್ರಮಗಳು, ಒಟ್ಟು 6,80,338 ಅಕ್ಷರಗಳು. ಸಿಬ್ಬಂದಿ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ಬೆರಳಚ್ಚು ಮಾಡಿ ಸೇರಿಸುತ್ತಿದ್ದ ಕಾಲವದು. ಆ ವೇಗದಲ್ಲಿ ಕೆಲಸ ಸಾಗದೆಂದು ತಿಳಿದಾಗ, 1980ರ ದಶಕದ ಕೊನೆಯಲ್ಲಿ, ಪ್ರಕಟಣೆಗೆ ಮುನ್ನ ಲೇಖಕರೇ ತಮ್ಮ ಅನುಕ್ರಮವನ್ನು ಸಲ್ಲಿಸಿ, ಆ ದಾಖಲೆಗೆ ಸಿಗುವ ಆಕ್ಸೆಷನ್ ಸಂಖ್ಯೆ ಎಂಬ ಗುರುತಿನ ಸಂಖ್ಯೆಯನ್ನು ಲೇಖನದಲ್ಲಿ ನಮೂದಿಸಬೇಕೆಂಬ ನಿಯಮವನ್ನು ಪತ್ರಿಕೆಗಳು ತರತೊಡಗಿದವು. ನಿಮಗೆ ಈಗ ಬಂದಿರುವ ಪತ್ರ ಆ ನಿಯಮದ ಮುಂದುವರಿಕೆ. ಇಂದು ಅಮೆರಿಕದ ಜೆನ್‌ಬ್ಯಾಂಕ್, ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಹಿಂಕ್‌ಸ್ಟನ್‌ನಲ್ಲಿರುವ ಯುರೋಪಿನ ಸಂಗ್ರಹ ಮತ್ತು ಜಪಾನಿನ ಮಿಶಿಮಾದಲ್ಲಿರುವ ಸಂಗ್ರಹ, ಈ ಮೂರೂ ಪ್ರತಿದಿನ ದಾಖಲೆಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಒಂದು ಕಡೆ ಸಲ್ಲಿಸಿದರೆ ಮೂರೂ ಕಡೆ ಕಾಣುತ್ತದೆ. ಜೆನ್‌ಬ್ಯಾಂಕ್‌ನ ಗಾತ್ರ ಆರಂಭದಿಂದ ಇಲ್ಲಿಯವರೆಗೆ ಸರಿಸುಮಾರು 18 ತಿಂಗಳಿಗೊಮ್ಮೆ ಇಮ್ಮಡಿಯಾಗುತ್ತ ಬಂದಿದೆ.

ಪ್ರಯೋಜನವೇನೆಂದು ಕೇಳಿದ್ದೀರಿ. ಅದಕ್ಕೆ ಎರಡು ಪ್ರಸಂಗಗಳನ್ನು ಹೇಳುತ್ತೇನೆ. ಮೊದಲನೆಯದು 1983ರದು. ಕ್ಯಾಲಿಫೋರ್ನಿಯಾದ ರಸೆಲ್ ಡೂಲಿಟಲ್ ತಮ್ಮ ಬಳಕೆಗಾಗಿ ತಾವೇ ಒಂದು ಅನುಕ್ರಮ ಸಂಗ್ರಹವನ್ನು ಕಟ್ಟಿಕೊಂಡಿದ್ದರು. ಗಾಯ ಮಾಯುವಾಗ ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ, ರಕ್ತದ ಪ್ಲೇಟ್‌ಲೆಟ್‌ಗಳಿಂದ ಬರುವ ಪ್ರೋಟೀನೊಂದರ ಅನುಕ್ರಮದ ತುಣುಕು ಆ ವರ್ಷ ಪ್ರಕಟವಾದಾಗ, ಅವರು ಅದನ್ನು ತಮ್ಮ ಸಂಗ್ರಹದ ಜೊತೆ ಹೋಲಿಸಿ ನೋಡಿದರು. ಅದು ಹೊಂದಿದ್ದು, ಕೋತಿಯೊಂದರಿಂದ ಪತ್ತೆಯಾಗಿದ್ದ ಗಡ್ಡೆ ಉಂಟುಮಾಡುವ ವೈರಸ್ಸಿನ ಕ್ಯಾನ್ಸರ್‌ಕಾರಕ ಜೀನಿನ ಜೊತೆ. ಬೆಳವಣಿಗೆಯ ಸಂಕೇತವನ್ನು ವೈರಸ್ಸು ಕದ್ದು ಬಳಸುತ್ತಿದೆ, ಅಂದರೆ ಕ್ಯಾನ್ಸರ್ ಎಂಬುದು ಸಹಜ ಬೆಳವಣಿಗೆಯ ವ್ಯವಸ್ಥೆಯೇ ಹಳಿತಪ್ಪಿದ ಸ್ಥಿತಿ ಎಂಬ ವಿಚಾರಕ್ಕೆ ಅದು ಬಲವಾದ ಆಧಾರವಾಯಿತು. ಲಂಡನ್ನಿನ ಇನ್ನೊಂದು ತಂಡವೂ ಅದೇ ದಿನಗಳಲ್ಲಿ ಇದನ್ನೇ ಕಂಡುಕೊಂಡಿತು. ಪರಸ್ಪರ ಸಂಬಂಧವೇ ಇಲ್ಲವೆಂದುಕೊಂಡಿದ್ದ ಎರಡು ಸಂಶೋಧನಾ ಕ್ಷೇತ್ರಗಳನ್ನು ಇಲ್ಲಿ ಒಂದುಗೂಡಿಸಿದ್ದು ಹೊಸ ಪ್ರಯೋಗವಲ್ಲ, ಅಕ್ಕಪಕ್ಕ ಇಟ್ಟು ನೋಡಿದ ಎರಡು ಸಾಲುಗಳು.

ಎರಡನೆಯ ಪ್ರಸಂಗ ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು. ಜಪಾನಿನ ಒಸಾಕಾದಲ್ಲಿ ಯೋಶಿಝುಮಿ ಇಶಿನೋ ಮತ್ತು ಸಂಗಡಿಗರು 1987ರಲ್ಲಿ ಈ-ಕೊಲೈ ಬ್ಯಾಕ್ಟೀರಿಯಾದ ಒಂದು ಜೀನನ್ನು ಓದುತ್ತಿದ್ದಾಗ, ಅದರ ಪಕ್ಕದಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುವುದನ್ನೂ ಪ್ರತಿ ಎರಡು ತುಣುಕುಗಳ ನಡುವೆ ಬೇರೆಬೇರೆ ಸಾಲುಗಳಿರುವುದನ್ನೂ ಕಂಡರು. ಅದಕ್ಕೇನು ಅರ್ಥವೆಂದು ಅವರಿಗೆ ತಿಳಿಯಲಿಲ್ಲ. ತಿಳಿಯದೆಂದೇ ಬರೆದು, ಕಂಡದ್ದನ್ನು ಕಂಡಂತೆ ದಾಖಲಿಸಿದರು. ಸ್ಪೇನಿನ ಅಲಿಕಾಂತೆಯ ಫ್ರಾನ್ಸಿಸ್ಕೊ ಮೊಹಿಕಾ ಇಂಥವೇ ಪುನರಾವರ್ತನೆಗಳನ್ನು ಉಪ್ಪುನೀರಿನ ಸೂಕ್ಷ್ಮಜೀವಿಗಳಲ್ಲಿ ಕಂಡು, ವರ್ಷಗಟ್ಟಲೆ ಅವುಗಳ ಹಿಂದೆ ಬಿದ್ದಿದ್ದರು. 2003ರ ಬೇಸಿಗೆಯಲ್ಲಿ ಅವರು ಆ ನಡುವಿನ ಸಾಲುಗಳನ್ನು ಒಂದೊಂದಾಗಿ ತೆಗೆದು ದತ್ತಸಂಚಯದಲ್ಲಿ ಹುಡುಕತೊಡಗಿದರು. ಹಿಂದೆ ಹೀಗೆ ಹುಡುಕಿದಾಗ ಏನೂ ಸಿಕ್ಕಿರಲಿಲ್ಲ. ಈ ಬಾರಿ ಈ-ಕೊಲೈಯ ಒಂದು ಸಾಲು, ಅದೇ ಬ್ಯಾಕ್ಟೀರಿಯಾಕ್ಕೆ ತಗಲುವ ಪಿ1 ಎಂಬ ವೈರಸ್ಸಿನ ಡಿಎನ್‌ಎಗೆ ಹೊಂದಿತು. ಆ ಸಾಲನ್ನು ಹೊತ್ತಿದ್ದ ಬ್ಯಾಕ್ಟೀರಿಯಾ ತಳಿಗೆ ಆ ವೈರಸ್ಸು ತಗಲುವುದಿಲ್ಲವೆಂಬುದು ಮೊದಲೇ ತಿಳಿದಿತ್ತು. ಅವರು ಸುಮಾರು 4,500 ಸಾಲುಗಳನ್ನು ಹುಡುಕಿದಾಗ ತಿಳಿದಿರುವ ಅನುಕ್ರಮಗಳಿಗೆ ಹೊಂದಿದ್ದು 88 ಮಾತ್ರ. ಆದರೆ ಅವುಗಳಲ್ಲಿ ಬಹುಪಾಲು ವೈರಸ್‌ಗಳದು ಅಥವಾ ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಹರಡುವ ಪ್ಲಾಸ್ಮಿಡ್‌ಗಳದು. ಬ್ಯಾಕ್ಟೀರಿಯಾಗಳು ತಮ್ಮನ್ನು ಕಾಡಿದ ವೈರಿಗಳ ಗುರುತನ್ನು ತಮ್ಮ ಜೀನೋಮಿನಲ್ಲಿ ಕಾದಿರಿಸಿಕೊಳ್ಳುತ್ತವೆ ಎಂಬ ಆ ವಿಚಾರವನ್ನು ಹಲವು ಪತ್ರಿಕೆಗಳು ತಿರಸ್ಕರಿಸಿದ ಬಳಿಕ 2005ರಲ್ಲಿ ಅದು ಪ್ರಕಟವಾಯಿತು. ಇಂದು ಜೀನ್ ತಿದ್ದುವ ಸಾಧನವಾಗಿ ಎಲ್ಲರಿಗೂ ಪರಿಚಿತವಾಗಿರುವ ಕ್ರಿಸ್ಪರ್‌ನ ಅರ್ಥ ಹೊಳೆದದ್ದು ಹೀಗೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು, 1987ರ ದಾಖಲೆಗೆ ಅರ್ಥ ಬಂದದ್ದು ಅದರ ಒಳಗಿನಿಂದಲ್ಲ ಎಂಬುದು. ನಡುವಿನ ವರ್ಷಗಳಲ್ಲಿ ಬೇರೆಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ, ಬೇರೆಯೇ ಉದ್ದೇಶಕ್ಕಾಗಿ, ವೈರಸ್‌ಗಳ ಡಿಎನ್‌ಎಯನ್ನು ಓದಿದವರು ಅದನ್ನು ತಮ್ಮ ಕಪಾಟಿನಲ್ಲಿಟ್ಟುಕೊಳ್ಳದೆ ಸಲ್ಲಿಸಿದ್ದರಿಂದ ಅದಕ್ಕೆ ಅರ್ಥ ಬಂದಿತು. ತಾವು ಕ್ರಿಸ್ಪರ್ ಸಂಶೋಧನೆಗೆ ನೆರವಾಗುತ್ತಿದ್ದೇವೆಂದು ಅವರಲ್ಲಿ ಒಬ್ಬರಿಗೂ ತಿಳಿದಿರಲು ಸಾಧ್ಯವಿರಲಿಲ್ಲ. ನಿಮ್ಮ ವಿದ್ಯಾರ್ಥಿನಿಯ 600 ಅಕ್ಷರಗಳು ಯಾರಿಗೆ, ಯಾವಾಗ, ಯಾವ ಪ್ರಶ್ನೆಗೆ ಬೇಕಾಗುತ್ತವೆ ಎಂಬುದನ್ನೂ ಇಂದು ಹೇಳಲಾಗದು; ಆ ಕಾರಣಕ್ಕೇ ಅವು ನಿಖರವಾಗಿರಬೇಕು.

ಈಗ ನಿಮ್ಮ ಪಟ್ಟಿಗೆ ಬರೋಣ. 1990ರಲ್ಲಿ ಬಂದ ಬ್ಲಾಸ್ಟ್, ನೀವು ಕೊಟ್ಟ ಸಾಲನ್ನು ಸಂಚಯದ ಪ್ರತಿಯೊಂದು ಸಾಲಿನ ಜೊತೆ ತುದಿಯಿಂದ ತುದಿಗೆ ಹೋಲಿಸುವುದಿಲ್ಲ. ಹಾಗೆ ಮಾಡಿದರೆ ಉತ್ತರಕ್ಕೆ ಬಹಳ ಕಾಲ ಕಾಯಬೇಕಾದೀತು. ಅದು ನಿಮ್ಮ ಸಾಲನ್ನು 11 ಅಥವಾ 28 ಅಕ್ಷರಗಳಂತಹ ಸಣ್ಣ ತುಣುಕುಗಳಾಗಿ ಮಾಡಿಕೊಂಡು, ಅವು ಎಲ್ಲಿ ಹಾಗೆಹಾಗೇ ಸಿಗುತ್ತವೆಯೋ ಅಲ್ಲಿಂದ ಎರಡೂ ಬದಿಗೆ ಹೊಂದಿಕೆಯನ್ನು ಬೆಳೆಸುತ್ತ ಹೋಗುತ್ತದೆ, ಹೊಂದಿದ ಅಕ್ಷರಕ್ಕೆ ಅಂಕ ಕೊಡುತ್ತದೆ, ಹೊಂದದಿದ್ದರೆ ಕಳೆಯುತ್ತದೆ. ಕೊನೆಗೆ ಅದು ನೀಡುವ ಇ-ವ್ಯಾಲ್ಯೂ ಎಂಬ ಸಂಖ್ಯೆಯನ್ನು ಬಹಳಷ್ಟು ಪ್ರಬಂಧಗಳಲ್ಲಿ ತಪ್ಪಾಗಿ ಅರ್ಥೈಸಿರುವುದನ್ನು ಕಂಡಿದ್ದೇನೆ. ಇಷ್ಟು ದೊಡ್ಡ ಸಂಚಯದಲ್ಲಿ, ಯಾವ ನಂಟೂ ಇಲ್ಲದೆ ಕೇವಲ ಆಕಸ್ಮಿಕವಾಗಿ, ಇಷ್ಟು ಅಥವಾ ಇದಕ್ಕಿಂತ ಉತ್ತಮ ಅಂಕದ ಹೊಂದಿಕೆಗಳು ಎಷ್ಟು ಸಿಗಬಹುದು ಎಂಬ ಅಂದಾಜು ಅದು. ಸಂಚಯದ ಗಾತ್ರ ಇಮ್ಮಡಿಯಾದರೆ ಅದೇ ಹೊಂದಿಕೆಯ ಇ-ವ್ಯಾಲ್ಯೂ ಕೂಡ ಇಮ್ಮಡಿಯಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಅದು ಐದೂ ಹೆಸರುಗಳ ಎದುರು ಸೊನ್ನೆ ಎಂದಿರುತ್ತದೆ. ಅದರ ಅರ್ಥ, ಈ ಹೊಂದಿಕೆ ಆಕಸ್ಮಿಕವಲ್ಲ, ಇವೆಲ್ಲ ನೆಂಟರು ಎಂದಷ್ಟೆ. ನೆಂಟರಲ್ಲಿ ಯಾರು ಎಂಬುದನ್ನು ಆ ಸೊನ್ನೆ ಹೇಳುವುದಿಲ್ಲ. ಅದೇ ರೀತಿ ಶೇಕಡಾ ಹೊಂದಿಕೆಯನ್ನು ಓದುವಾಗ, ನಿಮ್ಮ ಸಾಲಿನ ಎಷ್ಟು ಭಾಗ ಹೋಲಿಕೆಗೆ ಒಳಪಟ್ಟಿದೆ ಎಂಬ ಪಕ್ಕದ ಅಂಕಣವನ್ನೂ ನೋಡಲೇಬೇಕು. 600 ಅಕ್ಷರಗಳಲ್ಲಿ 240 ಮಾತ್ರ ಹೊಂದಿ, ಆ 240ರಲ್ಲಿ ಶೇ 100 ಹೋಲಿಕೆಯಿದ್ದರೆ ಅದು ಬೇರೆಯೇ ಮಾತು.

ಹಾಗಾದರೆ ಐದು ಹೆಸರುಗಳು ಏಕೆ ಬಂದವು? ಐಟಿಎಸ್ ಎಂಬುದು, ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮ್‌ಗೆ ಬೇಕಾದ ಜೀನುಗಳ ನಡುವೆ ಇರುವ ಭಾಗ. ಒಂದೊಂದು ಜೀವಕೋಶದಲ್ಲೂ ಅದರ ಹಲವಾರು ಪ್ರತಿಗಳಿರುವುದರಿಂದ ಪ್ರಯೋಗಾಲಯದಲ್ಲಿ ಅದರ ಪ್ರತಿಗಳನ್ನು ಇನ್ನೂ ಹೆಚ್ಚಿಸಿಕೊಳ್ಳುವುದು ಸುಲಭ, ಬಹುಪಾಲು ಶಿಲೀಂಧ್ರಗಳಲ್ಲಿ ಅದು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿರುತ್ತದೆ, ಈ ಕಾರಣಗಳಿಂದ 2012ರಲ್ಲಿ ಅದನ್ನು ಶಿಲೀಂಧ್ರಗಳ ಸಾಮಾನ್ಯ ಗುರುತಾಗಿ ಅಂಗೀಕರಿಸಲಾಯಿತು. ಆದರೆ ಟ್ರೈಕೋಡರ್ಮಾದಂತಹ ಕುಲಗಳಲ್ಲಿ ಪ್ರಭೇದಗಳು ಕವಲೊಡೆದು ಹೆಚ್ಚು ಕಾಲವಾಗಿಲ್ಲ; ಐಟಿಎಸ್‌ನಲ್ಲಿ ವ್ಯತ್ಯಾಸ ಮೂಡುವ ಮೊದಲೇ ಅವು ಬೇರೆಯಾಗಿವೆ. ಹಿಂದೆ ಹಾರ್ಜಿಯಾನಮ್ ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದ ಗುಂಪಿನಲ್ಲಿ ಕನಿಷ್ಠ 14 ಪ್ರಭೇದಗಳಿವೆಯೆಂದು 2015ರ ಅಧ್ಯಯನವೊಂದು ತೋರಿಸಿತು, ಮತ್ತು ಹಾರ್ಜಿಯಾನಮ್ ಎಂಬ ಚೀಟಿಯಡಿ ಮಾರಾಟವಾಗುತ್ತಿದ್ದ ಕೆಲವು ಜೈವಿಕ ನಿಯಂತ್ರಣ ತಳಿಗಳು ವಾಸ್ತವವಾಗಿ ಅದೇ ಗುಂಪಿನ ಬೇರೆ ಪ್ರಭೇದಗಳೆಂದೂ ಹೇಳಿತು. ಇವುಗಳನ್ನು ಬೇರ್ಪಡಿಸಲು ಐಟಿಎಸ್ ಸಾಲದು. ಪ್ರೋಟೀನ್ ತಯಾರಿಕೆಯಲ್ಲಿ ಪಾಲ್ಗೊಳ್ಳುವ ಟೆಫ್-1 ಎಂಬ ಜೀನನ್ನೂ, ಸಾಧ್ಯವಾದರೆ ಆರ್‌ಪಿಬಿ-2 ಎಂಬುದನ್ನೂ ಓದಿಸಬೇಕು.

ಹೆಸರಿನ ವಿಷಯದಲ್ಲಿ ಇಷ್ಟು ಹಟವೇಕೆ ಎಂದು ಕೇಳುವವರಿದ್ದಾರೆ. ನಮ್ಮ ಮಲೆನಾಡಿನ ಬೆಳೆಗಾರರು ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಟ್ರೈಕೋಡರ್ಮಾವನ್ನು ಬೆಳೆಸಿ ಅಡಿಕೆಗೂ ಕಾಳುಮೆಣಸಿಗೂ ಹಾಕುವುದು ರೂಢಿ. ಅವರಿಗೆ ಅದು ಮಿತ್ರ. ಆದರೆ 1990ರ ದಶಕದಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಅಣಬೆ ಕೃಷಿಯನ್ನು ಹಾಳುಗೆಡವಿದ ಹಸಿರು ಬೂಸ್ಟನ್ನು ಮೊದಲು ಹಾರ್ಜಿಯಾನಮ್ ಎಂದೇ ಗುರುತಿಸಲಾಗಿತ್ತು. ಅದು ಬೇರೆಯದೇ ಪ್ರಭೇದವೆಂದು ತಿಳಿದು 2002ರಲ್ಲಿ ಅದಕ್ಕೆ ಟ್ರೈಕೋಡರ್ಮಾ ಅಗ್ರೆಸ್ಸಿವಮ್ ಎಂಬ ಹೆಸರು ಕೊಡಲಾಯಿತು. ನಿಮ್ಮ ಪಟ್ಟಿಯಲ್ಲಿ ಇರಬಹುದಾದ ಆಫ್ರೋಹಾರ್ಜಿಯಾನಮ್ ಎಂಬುದು ಮೆಕ್ಕೆಜೋಳದ ತೆನೆಯನ್ನು ಕೊಳೆಯಿಸುವುದು ಇತ್ತೀಚಿನ ವರ್ಷಗಳಲ್ಲಿ ಯುರೋಪಿನಲ್ಲಿ ವರದಿಯಾಗಿದೆ. ತೋಟಕ್ಕೆ ಹಾಕುವ ಜೀವಿಯ ಹೆಸರನ್ನು ಊಹೆಯಿಂದ ಬರೆಯುವುದು ಸಲ್ಲದೆಂದು ನಾನು ಹೇಳುವುದು ಇದಕ್ಕಾಗಿ.

ಯಾರು ಪರಿಶೀಲಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಹಲವರಿಗೆ ಆಶ್ಚರ್ಯ ತರುತ್ತದೆ. ಜೆನ್‌ಬ್ಯಾಂಕ್‌ನ ಸಿಬ್ಬಂದಿಯೂ ತಂತ್ರಾಂಶಗಳೂ ಸಲ್ಲಿಕೆಯನ್ನು ನೋಡುವುದುಂಟು: ಪ್ರಯೋಗಾಲಯದಲ್ಲಿ ಬಳಸುವ ವಾಹಕ ಡಿಎನ್‌ಎ ಬೆರೆತಿದೆಯೇ, ಪ್ರೋಟೀನಿನ ಭಾಗವೆಂದು ಹೇಳಿದ್ದು ನಡುವೆ ತುಂಡಾಗದೆ ಅನುವಾದವಾಗುತ್ತದೆಯೇ, ಜೀವಿಯ ಹೆಸರು ವರ್ಗೀಕರಣದ ಪಟ್ಟಿಯಲ್ಲಿದೆಯೇ ಎಂದು. ಅನುಮಾನವಿದ್ದರೆ ‘ಪರಿಶೀಲನೆಯಾಗಿಲ್ಲ’ ಎಂಬ ಗುರುತನ್ನೂ ಹಾಕುತ್ತಾರೆ. ಆದರೆ ನಿಮ್ಮ ತಟ್ಟೆಯಲ್ಲಿದ್ದ ಶಿಲೀಂಧ್ರ ನಿಜವಾಗಿ ಹಾರ್ಜಿಯಾನಮ್ ಹೌದೋ ಅಲ್ಲವೋ ಎಂಬುದನ್ನು ಅವರು ಅಲ್ಲಿ ಕುಳಿತು ತೀರ್ಮಾನಿಸಲಾರರು. ಜೆನ್‌ಬ್ಯಾಂಕ್ ಒಂದು ದಫ್ತರ. ಸಲ್ಲಿಸಿದವರು ಹೇಳಿದ್ದನ್ನು ಅವರ ಹೆಸರಿನಲ್ಲಿ ಕಾಪಾಡುವುದು ಅದರ ಧರ್ಮ, ಮತ್ತು ದಾಖಲೆಯನ್ನು ತಿದ್ದುವ ಹಕ್ಕು ಸಾಮಾನ್ಯವಾಗಿ ಸಲ್ಲಿಸಿದವರಿಗೆ ಮಾತ್ರ. ಇದಕ್ಕಿಂತ ಬೇರೆಯಾಗಿ, ತಜ್ಞರು ಆರಿಸಿ ತಿದ್ದಿ ಇಡುವ ಸಂಚಯಗಳೂ ಇವೆ: ಜೀನೋಮುಗಳಿಗೆ ರೆಫ್‌ಸೀಕ್, ಪ್ರೋಟೀನುಗಳಿಗೆ ಏಮೊಸ್ ಬೈರೋಕ್ 1986ರಲ್ಲಿ ಆರಂಭಿಸಿದ ಸ್ವಿಸ್-ಪ್ರಾಟ್, ಶಿಲೀಂಧ್ರಗಳ ಐಟಿಎಸ್‌ಗೆ ಎಸ್ಟೋನಿಯಾದಿಂದ ನಡೆಯುವ ಯುನೈಟ್. ಯಾವುದರಲ್ಲಿ ಹುಡುಕುತ್ತಿದ್ದೇವೆ ಎಂಬುದನ್ನು ಅರಿತು ಹುಡುಕುವುದು ಅರ್ಧ ಕೆಲಸ.

ತಿದ್ದುಪಡಿಯಾದರೂ ಹಳೆಯದು ಅಳಿಸಿಹೋಗುವುದಿಲ್ಲ. ಕೋವಿಡ್ ವೈರಸ್ಸಿನ ಮೊದಲ ಪೂರ್ಣ ಅನುಕ್ರಮ 2020ರ ಜನವರಿಯಲ್ಲಿ ಬಹಿರಂಗವಾದಾಗ ಅದಕ್ಕೆ ದೊರೆತ ಸಂಖ್ಯೆ ಎಂಎನ್908947. ಇಂದು ಎಲ್ಲರೂ ಉಲ್ಲೇಖಿಸುವುದು ಅದರ ಮೂರನೆಯ ಆವೃತ್ತಿಯನ್ನು, 29,903 ಅಕ್ಷರಗಳದು. ಸಂಖ್ಯೆಯ ಕೊನೆಯಲ್ಲಿ ಚುಕ್ಕಿಯ ನಂತರ ಬರುವ 3 ಅದನ್ನೇ ಸೂಚಿಸುತ್ತದೆ. ಆದ್ದರಿಂದ ಪ್ರಬಂಧದಲ್ಲಿ ಆಕ್ಸೆಷನ್ ಸಂಖ್ಯೆಯನ್ನು ಬರೆಯುವಾಗ ಆ ಚುಕ್ಕಿಯನ್ನೂ ಮುಂದಿನ ಅಂಕಿಯನ್ನೂ ಬಿಡಬಾರದು. ಆ ಅನುಕ್ರಮ ತೆರೆದ ಜಾಗದಲ್ಲಿ ಸಿಕ್ಕಿದ್ದರಿಂದಲೇ, ರೋಗಿಯ ಮಾದರಿಯಾಗಲಿ ವೈರಸ್ಸಾಗಲಿ ಕೈಯಲ್ಲಿಲ್ಲದೆಯೇ, ಜನವರಿ 13ರ ಹೊತ್ತಿಗೆ ಮಾಡರ್ನಾ ಲಸಿಕೆಯ ಅನುಕ್ರಮ ಸಿದ್ಧವಾಯಿತು ಎಂಬುದನ್ನು ಮರೆಯುವಂತಿಲ್ಲ.

ಇಂತಹ ಉಪಕರಣದ ದೋಷಗಳನ್ನೂ ಮುಚ್ಚಿಡದೆ ಹೇಳಬೇಕು. ಸಾರ್ವಜನಿಕ ಸಂಚಯದಲ್ಲಿದ್ದ ಶಿಲೀಂಧ್ರ ಐಟಿಎಸ್ ದಾಖಲೆಗಳನ್ನು ಪರಿಶೀಲಿಸಿದ 2006ರ ಅಧ್ಯಯನವೊಂದು, ಸುಮಾರು ಐದರಲ್ಲಿ ಒಂದಕ್ಕೆ ಪ್ರಭೇದದ ಹೆಸರು ತಪ್ಪಾಗಿರಬಹುದೆಂದು ಅಂದಾಜಿಸಿತು. ಒಂದು ಜೀವಿಯ ದಾಖಲೆಯಲ್ಲಿ ಬೇರೆ ಜೀವಿಯ ಡಿಎನ್‌ಎ ಬೆರೆತಿರುವ 20 ಲಕ್ಷಕ್ಕೂ ಹೆಚ್ಚು ಅನುಕ್ರಮಗಳು ಜೆನ್‌ಬ್ಯಾಂಕ್‌ನಲ್ಲಿರುವುದನ್ನು 2020ರಲ್ಲಿ ಪತ್ತೆಹಚ್ಚಲಾಯಿತು. 2015ರಲ್ಲಿ ನೀರುಕರಡಿ ಎಂಬ ಸೂಕ್ಷ್ಮಪ್ರಾಣಿಯ ಜೀನುಗಳಲ್ಲಿ ಶೇ 17.5ರಷ್ಟು ಬೇರೆ ಜೀವಿಗಳಿಂದ ಬಂದವು ಎಂಬ ಬೆರಗಿನ ವರದಿ ಬಂದು, ಸ್ವಲ್ಪ ಕಾಲದಲ್ಲೇ ಇನ್ನೊಂದು ತಂಡ ಅದೇ ಪ್ರಾಣಿಯನ್ನು ಓದಿ, ಅವುಗಳಲ್ಲಿ ಬಹುಪಾಲು ಮಾದರಿಯ ಜೊತೆ ಬಂದ ಬ್ಯಾಕ್ಟೀರಿಯಾದ ಕಲಬೆರಕೆಯೆಂದು ತೋರಿಸಿತು. ಅಲ್ಲಿ ತಪ್ಪು ಬೇಗ ಸಿಕ್ಕಿದ್ದು ಎರಡೂ ತಂಡಗಳು ದತ್ತವನ್ನು ತೆರೆದಿಟ್ಟಿದ್ದರಿಂದ.

ನನಗೆ ಹೆಚ್ಚು ಕಳವಳ ತರುವುದು ಇಂತಹ ದೊಡ್ಡ ತಪ್ಪುಗಳಲ್ಲ, ಸದ್ದಿಲ್ಲದೆ ಹರಡುವ ಸಣ್ಣವು. ಒಬ್ಬರು ಮೇಲ್ಸಾಲಿನ ಹೆಸರನ್ನು ನಕಲು ಮಾಡಿ ತಮ್ಮ ಅನುಕ್ರಮಕ್ಕೆ ಹಚ್ಚಿ ಸಲ್ಲಿಸುತ್ತಾರೆ. ಮುಂದಿನವರು ಹುಡುಕಿದಾಗ ಆ ಹೆಸರಿನ ದಾಖಲೆ ಒಂದು ಹೆಚ್ಚಾಗಿರುತ್ತದೆ. ಅವರೂ ನಕಲು ಮಾಡುತ್ತಾರೆ. ನಿಮ್ಮ ಪಟ್ಟಿಯಲ್ಲಿ ಹಾರ್ಜಿಯಾನಮ್ ಹತ್ತಾರು ಸಲ ಬಂದು ಉಳಿದವು ಒಂದೆರಡು ಸಲ ಬಂದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು. ಹತ್ತಾರು ದಾಖಲೆಗಳು ಒಂದೇ ಮಾತನ್ನು ಹೇಳಿದರೆ ಅವು ಹತ್ತಾರು ಸಾಕ್ಷಿಗಳೆಂದು ನಮಗೆ ತೋರುತ್ತದೆ. ವಾಸ್ತವವಾಗಿ ಅವೆಲ್ಲ ಒಬ್ಬನ ಮಾತನ್ನು ಕೇಳಿ ಹೇಳುತ್ತಿರುವವರೂ ಆಗಿರಬಹುದು. ಅದಕ್ಕೇ ಬ್ಲಾಸ್ಟ್ ಪುಟದಲ್ಲಿ, ಟೈಪ್ ಮಾದರಿಯಿಂದ ಬಂದ ಅನುಕ್ರಮಗಳಿಗೆ ಮಾತ್ರ ಹುಡುಕಾಟವನ್ನು ಸೀಮಿತಗೊಳಿಸುವ ಆಯ್ಕೆಯನ್ನು ಕೊಟ್ಟಿದ್ದಾರೆ. ಪ್ರಭೇದವೊಂದಕ್ಕೆ ಮೊದಲು ಹೆಸರಿಟ್ಟಾಗ ಆಧಾರವಾಗಿದ್ದ ಮಾದರಿಯೇ ಟೈಪ್ ಮಾದರಿ. ಅದರೊಂದಿಗಿನ ಒಂದು ಹೊಂದಿಕೆ ಉಳಿದ ಐವತ್ತಕ್ಕಿಂತ ಬೆಲೆಯುಳ್ಳದ್ದು. ಟೆಫ್-1 ಓದಿಸಿದ ಮೇಲೆ ನಿಮ್ಮ ವಿದ್ಯಾರ್ಥಿನಿ ಆ ಆಯ್ಕೆಯನ್ನು ಗುರುತು ಮಾಡಿ ಮತ್ತೊಮ್ಮೆ ಹುಡುಕಲಿ, ಸಿಕ್ಕ ಟೈಪ್ ಅನುಕ್ರಮಗಳನ್ನು ಸೇರಿಸಿ ವಂಶವೃಕ್ಷ ರಚಿಸಲಿ.

ಸಂಚಯ ಸರಿಯಾಗಿದ್ದಾಗ ಅದು ಎಷ್ಟು ಬೇಗ ನೆರವಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಉದಾಹರಣೆಯೇ ಇದೆ. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಸುಳಿಯನ್ನು ಕೊರೆದು ತಿನ್ನುವ ಅಪರಿಚಿತ ಹುಳು ಕಂಡಾಗ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರ ದೇಹರಚನೆಯನ್ನು ಪರೀಕ್ಷಿಸುವುದರ ಜೊತೆಗೆ ಅದರ ಮೈಟೋಕಾಂಡ್ರಿಯಾದ ಸಿಒಐ ಎಂಬ ಜೀನನ್ನೂ ಓದಿ ಹೋಲಿಸಿ, ಅದು ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳು ಎಂದು ಖಚಿತಪಡಿಸಿದರು. ಭಾರತದಲ್ಲಿ ಆ ಹುಳುವಿನ ಮೊದಲ ವರದಿಗಳು ಕರ್ನಾಟಕದವು. ಆದರೆ ಇಲ್ಲಿಯೂ ಒಂದು ಜೀನಿನ ಮಿತಿ ಬೇಗನೆ ಗೋಚರವಾಯಿತು. ಈ ಹುಳುವಿನಲ್ಲಿ ಮೆಕ್ಕೆಜೋಳದ ತಳಿ, ಭತ್ತದ ತಳಿ ಎಂಬ ಎರಡು ಬಗೆಗಳಿವೆ. ತಾಯಿಯಿಂದ ಮಾತ್ರ ಬರುವ ಸಿಒಐ ಭಾರತದ ಬಹಳಷ್ಟು ಹುಳುಗಳನ್ನು ಭತ್ತದ ತಳಿಯೆಂದು ತೋರಿಸಿದರೆ, ಕೋಶಕೇಂದ್ರದಲ್ಲಿರುವ ಟಿಪಿಐ ಎಂಬ ಜೀನು ಅವನ್ನೇ ಮೆಕ್ಕೆಜೋಳದ ತಳಿಯೆಂದು ತೋರಿಸಿತು. ಆಫ್ರಿಕಾದ ಹುಳುಗಳಲ್ಲೂ ಇದೇ ವಿಚಿತ್ರ ಜೋಡಣೆ ಕಂಡದ್ದರಿಂದ, ಎರಡೂ ಕಡೆಯ ಹುಳುಗಳ ಮೂಲ ಒಂದೇ ಎಂಬ ತೀರ್ಮಾನಕ್ಕೆ ಬರಲು ಸಾಧ್ಯವಾಯಿತು. ಒಂದೇ ಜೀನನ್ನು ಓದಿ ನಿಲ್ಲಿಸಿದ್ದರೆ ಅದು ತಿಳಿಯುತ್ತಿರಲಿಲ್ಲ.

ನಮ್ಮ ಮಣ್ಣಿನ ಜೀವಿಯ ಮಾಹಿತಿಯನ್ನು ಜಗತ್ತಿಗೆಲ್ಲ ಉಚಿತವಾಗಿ ಏಕೆ ಕೊಡಬೇಕೆಂಬ ಪ್ರಶ್ನೆಯನ್ನು ನೀವು ಕೇಳಿಲ್ಲವಾದರೂ, ನಿಮ್ಮ ಸಹೋದ್ಯೋಗಿಗಳು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆಯೇ. ಜೀವಸಂಪತ್ತು ಹೆಚ್ಚಾಗಿರುವ ದೇಶಗಳಿಂದ ಅನುಕ್ರಮ ಹೋಗಿ, ಲಾಭ ಬೇರೆಡೆ ಉಳಿಯುವುದು ಸರಿಯಲ್ಲ. ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಸೇರಿ, ಇಂತಹ ಅನುಕ್ರಮಗಳಿಂದ ಲಾಭ ಪಡೆಯುವ ಉದ್ಯಮಗಳು ಪಾಲು ನೀಡಬೇಕಾದ ನಿಧಿಯೊಂದನ್ನು ರೂಪಿಸಲು ಒಪ್ಪಿದ್ದು ಈ ದಾರಿಯಲ್ಲಿ ಒಂದು ಹೆಜ್ಜೆ. ಮುಚ್ಚಿಡುವುದು ಇದಕ್ಕೆ ಪರಿಹಾರವೆಂದು ನನಗನ್ನಿಸುವುದಿಲ್ಲ, ಏಕೆಂದರೆ ಹೋಲಿಕೆಗೆ ಸಿಗದ ಅನುಕ್ರಮ ನಮಗೂ ಏನನ್ನೂ ಹೇಳುವುದಿಲ್ಲ. ಮನುಷ್ಯರ ಜೀನೋಮಿನ ಮಾತು ಬೇರೆ. ಅಲ್ಲಿ ವ್ಯಕ್ತಿಯ ಖಾಸಗಿತನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10 ಸಾವಿರ ಭಾರತೀಯರ ಜೀನೋಮುಗಳನ್ನು ಓದಿದ್ದು, 2025ರ ಜನವರಿಯಲ್ಲಿ ಸಂಶೋಧಕರಿಗೆ ಲಭ್ಯವಾದ ಆ ದತ್ತ ಅರ್ಜಿ ಮತ್ತು ಅನುಮತಿಯ ಮೂಲಕವಷ್ಟೇ ಸಿಗುತ್ತದೆ. ಅದನ್ನು ಇಟ್ಟಿರುವುದು ಹರಿಯಾಣದ ಫರೀದಾಬಾದ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ. ನಮ್ಮ ದೇಶದ ಸಂಶೋಧಕರ ಅನುಕ್ರಮಗಳನ್ನು ಸ್ವೀಕರಿಸುವ ಸಂಗ್ರಹವೂ ಅಲ್ಲಿದೆ; ನಿಮ್ಮ ವಿದ್ಯಾರ್ಥಿನಿ ಅಲ್ಲಿಗೂ ಸಲ್ಲಿಸಬಹುದು.

ಸಲ್ಲಿಸುವ ಮುನ್ನ ಆಕೆ ಮಾಡಬೇಕಾದ ಕೆಲಸ ಇನ್ನೂ ಇದೆ. ಹೊರಗಿನ ಪ್ರಯೋಗಾಲಯ ಕಳಿಸಿದ ಅಕ್ಷರಗಳ ಕಡತವನ್ನಷ್ಟೇ ನೆಚ್ಚದೆ, ಬಣ್ಣದ ಶಿಖರಗಳಿರುವ ಕ್ರೊಮ್ಯಾಟೋಗ್ರಾಮನ್ನು ಕೇಳಿ ಪಡೆದು ಕಣ್ಣಾರೆ ನೋಡಬೇಕು. ಎರಡೂ ತುದಿಗಳಲ್ಲಿ ಶಿಖರಗಳು ಒಂದರ ಮೇಲೊಂದು ಬಿದ್ದಿರುವ ಮಸುಕು ಭಾಗವನ್ನೂ ಓದು ಆರಂಭಿಸಲು ಪ್ರಯೋಗಾಲಯದಲ್ಲಿ ಬಳಸುವ ಪ್ರೈಮರ್ ಎಂಬ ಸಣ್ಣ ಡಿಎನ್‌ಎ ತುಣುಕಿಗೆ ಸೇರಿದ ಅಕ್ಷರಗಳನ್ನೂ ಕತ್ತರಿಸಬೇಕು. ಎರಡೂ ದಿಕ್ಕಿನಿಂದ ಓದಿಸಿ ಹೊಂದಿಸಿದ್ದರೆ ಒಳ್ಳೆಯದು. ಪ್ರಭೇದಗಳ ನಡುವೆ ಎರಡು ಮೂರು ಅಕ್ಷರಗಳ ವ್ಯತ್ಯಾಸವಷ್ಟೇ ಇರುವಲ್ಲಿ, ಓದುವಾಗ ಆದ ಎರಡು ಮೂರು ಅಕ್ಷರಗಳ ತಪ್ಪು ಹೊಸ ಪ್ರಭೇದವನ್ನೇ ಹುಟ್ಟಿಸಿಬಿಡಬಲ್ಲದು. ಸಂಗ್ರಹಿಸಿದ ದಿನಾಂಕ, ಊರು, ತಾಲ್ಲೂಕು, ಅಕ್ಷಾಂಶ ರೇಖಾಂಶ, ಯಾವ ಬೆಳೆಯ ಬುಡದ ಮಣ್ಣು ಎಂಬುದನ್ನೆಲ್ಲ ನಮೂದಿಸಬೇಕು. ದೇಶ ಮತ್ತು ದಿನಾಂಕವನ್ನು ಈಗ ಸಂಚಯಗಳೇ ಕಡ್ಡಾಯ ಮಾಡಿವೆ, ಉಳಿದದ್ದು ನಮ್ಮ ಕಾಳಜಿಗೆ ಬಿಟ್ಟದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಶಿಲೀಂಧ್ರದ ಜೀವಂತ ಕಲ್ಚರನ್ನು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹದಂತಹ ಕಡೆ ಒಪ್ಪಿಸಿ, ಅಲ್ಲಿ ಕೊಟ್ಟ ಸಂಖ್ಯೆಯನ್ನು ಅನುಕ್ರಮದ ದಾಖಲೆಯಲ್ಲಿ ಸೇರಿಸಬೇಕು. ಆಗ ಯಾರಿಗೆ ಅನುಮಾನ ಬಂದರೂ ಆ ಜೀವಿಯನ್ನೇ ತರಿಸಿ ಮತ್ತೆ ನೋಡಬಹುದು.

ಕೊನೆಯದಾಗಿ ಒಂದು ವಿಷಯ, ಅದು ನನ್ನ ಅನುಭವದಿಂದ ಬಂದದ್ದು. ಕೆಲವು ವರ್ಷಗಳ ಹಿಂದೆ ನಾವು ಹೋಲಿಕೆಗೆ ಬಳಸಿದ ಒಂದು ದಾಖಲೆಯ ಹೆಸರು ತಪ್ಪೆಂದು ನಮಗೆ ಖಚಿತವಾಯಿತು. ಸಲ್ಲಿಸಿದವರ ವಿಳಾಸಕ್ಕೆ ಇಮೇಲ್ ಬರೆದರೆ ಅದು ತಲುಪದೆ ಮರಳಿ ಬಂದಿತು. ಅವರು ಆಗ ವಿದ್ಯಾರ್ಥಿಯಾಗಿದ್ದು, ಪದವಿ ಮುಗಿಸಿ ಸಂಸ್ಥೆಯನ್ನು ಬಿಟ್ಟು ಹೋಗಿದ್ದರು, ಕಲ್ಚರನ್ನೂ ಯಾರೂ ಉಳಿಸಿಕೊಂಡಿರಲಿಲ್ಲ. ಆ ತಪ್ಪು ಹೆಸರು ಇಂದಿಗೂ ಹಾಗೆಯೇ ಇದೆ, ಹೊಸಬರು ಅದನ್ನು ಉಲ್ಲೇಖಿಸುತ್ತಲೇ ಇದ್ದಾರೆ. ಆದ್ದರಿಂದ ಸಲ್ಲಿಕೆಯಲ್ಲಿ ವಿದ್ಯಾರ್ಥಿನಿಯ ಹೆಸರು ಮೊದಲಿರಲಿ, ಕೆಲಸ ಆಕೆಯದು; ಆದರೆ ಸಂಪರ್ಕದ ವಿಳಾಸವಾಗಿ ನಿಮ್ಮ ವಿಭಾಗದಲ್ಲಿ ಸದಾ ಯಾರಾದರೂ ತೆರೆದು ನೋಡುವ ಇಮೇಲ್ ಒಂದನ್ನೂ ಕೊಡಿ. ಟೆಫ್-1ರ ಫಲಿತಾಂಶ ಬಂದು ಪ್ರಭೇದ ಖಚಿತವಾದ ದಿನ ಹಳೆಯ ದಾಖಲೆಯನ್ನು ತಿದ್ದಲೂ, ಹತ್ತು ವರ್ಷಗಳ ಬಳಿಕ ವರ್ಗೀಕರಣ ಬದಲಾಗಿ ಯಾರೋ ಬರೆದು ಕೇಳಿದಾಗ ಉತ್ತರಿಸಲೂ ಅದು ಬೇಕಾಗುತ್ತದೆ.